ಎಟುಕದ ಬಾಗಿಲು

ಕಳೆದ ಭಾನುವಾರ ರೋಮಿನ ಪುರಾತನ ಫೋರಂನಲ್ಲಿ, ಅಂದರೆ ಹಳೆಯ ರೋಮನ್ನರ ನಗರಚೌಕದ ಅವಶೇಷಗಳ ನಡುವೆ, ನಡೆಯುತ್ತಿದ್ದಾಗ ಎಂಟು ವರ್ಷದ ಮಗಳು ಥಟ್ಟನೆ ನಿಂತು, "ಅಮ್ಮಾ, ಮೆಟ್ಟಿಲು ಹತ್ತಿದರೂ ಆ ಬಾಗಿಲು ಎಟುಕುವುದಿಲ್ಲವಲ್ಲ, ಒಳಗೆ ಹೋಗುವುದು ಹೇಗೆ?" ಎಂದು ಕೇಳಿದಳು. ಅವಳು ತೋರಿಸುತ್ತಿದ್ದುದು ಸ್ಯಾನ್ ಲೊರೆಂಜೊ ಇನ್ ಮಿರಾಂಡಾ ಚರ್ಚಿನ ಹಸಿರು ಬಾಗಿಲನ್ನು. ಹಳೆಯ ದೇವಾಲಯದ ಜಗಲಿಯಿಂದ ಎಷ್ಟೋ ಆಳು ಎತ್ತರದಲ್ಲಿ, ನಡುಗೋಡೆಯಲ್ಲಿ ಅದು ಸಿಕ್ಕಿಕೊಂಡಂತಿದೆ.

ಕ್ರಿ.ಶ. 141ರಲ್ಲಿ ಸಾಮ್ರಾಟ ಆಂಟೊನೈನಸ್ ಪಯಸ್, ತೀರಿಹೋದ ತನ್ನ ಪತ್ನಿ ಫೌಸ್ಟಿನಾಳನ್ನು ದೇವತೆಯೆಂದು ಆರಾಧಿಸಲು ಈ ಗುಡಿಯನ್ನು ಕಟ್ಟಿಸಲು ತೊಡಗಿದ. 161ರಲ್ಲಿ ಅವನೂ ತೀರಿಕೊಂಡ ಮೇಲೆ ಅವನ ಹೆಸರೂ ಅಲ್ಲಿ ಸೇರಿತು. ಮಧ್ಯಯುಗದಲ್ಲಿ ಇದು ಸಂತ ಲಾರೆನ್ಸನ ಚರ್ಚಾಯಿತು. 15ನೆಯ ಶತಮಾನದಲ್ಲಿ ಪೋಪ್ ಐದನೆಯ ಮಾರ್ಟಿನ್ ಇದನ್ನು ಔಷಧ ವ್ಯಾಪಾರಿಗಳ ಸಂಘಕ್ಕೆ ಒಪ್ಪಿಸಿದರು. ಈಗಿನ ಮುಂಗೋಡೆ 1602ರದು. ಅಷ್ಟು ಹೊತ್ತಿಗೆ ಶತಮಾನಗಳ ಮಣ್ಣು ತುಂಬಿ ಫೋರಂ ಹುಲ್ಲುಗಾವಲಾಗಿತ್ತು, ಬಾಗಿಲು ಆ ಎತ್ತರದ ನೆಲಕ್ಕೆ ಸರಿಯಾಗಿ ಕೂತಿತ್ತು. ಮುಂದೆ ಉತ್ಖನನಕಾರರು ಮಣ್ಣು ತೆಗೆದಾಗ ನೆಲ ಕೆಳಗಿಳಿಯಿತು, ಬಾಗಿಲು ಅಲ್ಲೇ ಉಳಿಯಿತು.

ಇದನ್ನೆಲ್ಲ ಕೇಳಿ ಅವಳು, "ಹಾಗಾದರೆ ಮೊದಲಿದ್ದ ದೇವಿ ಈಗೆಲ್ಲಿದ್ದಾಳೆ?" ಎಂದಳು. ನನಗೆ ಗಂಟಲು ಕಟ್ಟಿತು. ಹದಿನೇಳು ಮೀಟರ್ ಎತ್ತರದ ಕಂಬಗಳ ಮೇಲಿನ ತೊಲೆಗಲ್ಲನ್ನು ತೋರಿಸಿ, "ಅಗೋ, ಅವಳ ಹೆಸರು" ಎಂದೆ. ದೈವತ್ವಕ್ಕೇರಿದ ಆಂಟೊನೈನಸನಿಗೆ, ಫೌಸ್ಟಿನಾಳಿಗೆ, ಸೆನೆಟ್ಟಿನ ಆದೇಶದಂತೆ ಎಂಬ ಲ್ಯಾಟಿನ್ ಅಕ್ಷರಗಳು ನೆಲದಿಂದಲೇ ಓದಲು ಬರುತ್ತವೆ. ಫೋರಂನ ಆಚೆ ಬದಿಯ ಕ್ಯಾಸ್ಟರ್ ದೇವಾಲಯದಲ್ಲಿ ಉಳಿದಿರುವುದು ಮೂರೇ ಕಂಬ. ಇಲ್ಲಿನ ಎಷ್ಟೋ ಅಮೃತಶಿಲೆ ಸುಣ್ಣದ ಭಟ್ಟಿಗೆ ಹೋಯಿತು. ಒಳಗೆ ಪೂಜೆ ನಡೆಯುತ್ತಿದ್ದುದರಿಂದಲೇ ಈ ಗುಡಿಯ ಗೋಡೆಗಳು ಉಳಿದವು ಎಂದು ನಾನು ನಂಬುತ್ತೇನೆ. ಬೇರೆ ದೇವರನ್ನು ಒಳಗೆ ಕೂರಿಸಿದವರೂ ಹಳೆಯ ದೇವತೆಯ ಹೆಸರನ್ನು ಹಣೆಯ ಮೇಲಿಂದ ಕೆತ್ತಿ ತೆಗೆಯಲಿಲ್ಲ.

ಹಾಸನದ ಕಡೆಯ ನಮ್ಮೂರಿನ ಈಶ್ವರನ ಗುಡಿ ನೆನಪಾಯಿತು. ಅಲ್ಲಿ ದೇವರು ಬದಲಾಗಿಲ್ಲ, ನಂದಾದೀಪ ಆರಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಶಾಸನವಿತ್ತು. ನನ್ನ ತಾತ ಅಂಗೈಯಲ್ಲಿ ನೀರು ತೆಗೆದುಕೊಂಡು ಕಲ್ಲಿಗೆ ಸವರುತ್ತಿದ್ದರು. ಒದ್ದೆ ಕಲ್ಲು ಕಪ್ಪಾದೊಡನೆ ದುಂಡನೆಯ ಹಳೆಗನ್ನಡ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತಿದ್ದವು, ಒಣಗುವುದರೊಳಗೆ ಅವರು ಓದಿ ಹೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರವೆಂದು ಗೋಡೆಗೆಲ್ಲ ಟೈಲ್ಸ್ ಹಾಕಿಸಿದರು. ಭಕ್ತಿಯಿಂದಲೇ ಮಾಡಿಸಿದರು, ಅದು ನನಗೆ ಗೊತ್ತು. ಆದರೂ ಆ ನೋವು ಹೋಗಿಲ್ಲ.

ಅಂದು ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ, ಶಾಸನದ ಕಲ್ಲು ಏನಾಯಿತೆಂದು ಕೇಳಿದೆ. "ಒಡೆದಿಲ್ಲ ಕಣಮ್ಮ, ಟೈಲ್ಸ್ ಹಿಂದೆ ಭದ್ರವಾಗಿಯೇ ಇದೆ" ಎಂದರು.

ಪಕ್ಕದಲ್ಲಿ ಕೂತಿದ್ದ ಮಗಳು ಫೋನಿನತ್ತ ಬಾಗಿ, "ಹಾಗಾದರೆ ಅದನ್ನು ಓದುವುದು ಹೇಗೆ, ತಾತ?" ಎಂದು ಕೇಳಿದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ.