ಸೈಕ್ ಹಿಸ್ಟರಿ ಅಂತ ಬರೆದ ರಾತ್ರಿ

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಆರ್ಥೋ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಅಡಿಕೆ ಕೊಯ್ಲು ಶುರುವಾದರೆ ನಮ್ಮ ವಾರ್ಡೂ ತುಂಬುತ್ತದೆ: ಮರದಿಂದ ಬಿದ್ದ ಕೊನೆಗಾರರು, ಅಂಗಳದಲ್ಲಿ ಜಾರಿದ ಅಜ್ಜಂದಿರು. ಹೊಸನಗರ ಕಡೆಯ ಈ ಅಜ್ಜ ಜಾರಿದವರು. 78 ವರ್ಷ, ತೊಡೆಯ ಮೂಳೆ ಮುರಿದು ಆಪರೇಷನ್ ಆಗಿ ಎರಡನೇ ದಿನ.

ಸಂಜೆಯ ಹ್ಯಾಂಡೋವರ್: "ಏಳನೇ ಬೆಡ್, ಯೂರಿನ್ ಕ್ಯಾಥೆಟರ್ ಬೆಳಿಗ್ಗೆ ತೆಗೆದಿದೆ, ಒಂದು ಬಾಟ್ಲು ರಕ್ತ ಏರಿಸಿದೆ, ಅದಕ್ಕೆ ಮುಂಚೆ ಅಲರ್ಜಿ ಆಗದಿರಲಿ ಅಂತ ಅವಿಲ್ ಕೊಟ್ಟಿದೆ, ಪೇಷೆಂಟ್ ಕಂಫರ್ಟಬಲ್." ಕಂಫರ್ಟಬಲ್ ಅಂದರೆ ಇಡೀ ದಿನ ಮಾತಿಲ್ಲ, ಊಟ ಮುಟ್ಟಿಲ್ಲ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ತೊಂದರೆ ಕೊಡದ ಪೇಷೆಂಟೇ ಒಳ್ಳೇ ಪೇಷೆಂಟು ಅನ್ನೋದು ನಮ್ಮಲ್ಲಿ ಲೆಕ್ಕ. ಮೈಯ ತೊಂದರೆಯಿಂದ ತಲೆ ದಿಢೀರ್ ಗಲಿಬಿಲಿಯಾಗುವ ಡೆಲಿರಿಯಂಗೆ ಹೀಗೆ ಸದ್ದಿಲ್ಲದ ಮುಖವೂ ಉಂಟು ಅಂತ ನರ್ಸಿಂಗ್ ಓದುವಾಗ ಬರೆದು ಪಾಸಾಗಿದ್ದೆ.

ಹನ್ನೊಂದರ ಮೇಲೆ ಅಜ್ಜ ಎದ್ದರು. ಹೊದಿಕೆಯ ಅಂಚು ಹಿಡಿದು ಸುಲಿಯತೊಡಗಿದರು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರದ್ದೇ ಕೈಚಳಕ. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. "ಹಂಡೆ ಉಕ್ತಾ ಇದೆ, ಬೆಂಕಿ ಹಿಂದಕ್ಕೆ ಎಳೀರೋ" ಅಂತ ಕೂಗು. ಫ್ಯಾನಿನ ಮೇಲೆ ಕೊನೆಗಾರ ಕೂತಿದ್ದಾನಂತೆ, ಬಿದ್ದರೆ ಯಾರು ಹೊಣೆ ಅಂತ ನನ್ನನ್ನೇ ಕೇಳಿದರು. ಆಮೇಲೆ ಐವಿ ಕಿತ್ತರು. ಕಾಲು ಕೆಳಗಿಡಲು ಹೊರಟರು.

ಸೊಸೆ ಅಳುತ್ತಾ ಹೇಳಿದ್ದು: "ಅತ್ತೆ ತೀರಿಕೊಂಡಾಗ ಮಾವ ಆರು ತಿಂಗಳು ಮಾನಸಿಕ ಡಾಕ್ಟ್ರ ಮಾತ್ರೆ ತಗೊಂಡಿದ್ರು ಸಿಸ್ಟರ್. ಹತ್ತು ವರ್ಷದ ಹಿಂದೆ."

ನನಗೆ ಅಷ್ಟು ಸಾಕಾಯಿತು. ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ಹೇಳಿದ ಮೊದಲ ಮಾತೇ "ಸರ್, ಸೈಕ್ ಹಿಸ್ಟರಿ ಇದೆ." ಪಲ್ಸ್ ಎಷ್ಟು, ಯೂರಿನ್ ಎಷ್ಟು, ಯಾವಾಗಿಂದ ಹೀಗೆ, ಒಂದೂ ಹೇಳಲಿಲ್ಲ. ಅವರೂ ಕೇಳಲಿಲ್ಲ, ಕ್ಯಾಶುವಾಲಿಟಿಗೆ ಅವರೊಬ್ಬರೇ. "ಫೆನರ್ಗನ್ ಐಎಂ ಹಾಕಿ, ನೋಡೋಣ." ಮಂಪರು ಬರಿಸುವ ಇಂಜೆಕ್ಷನ್ ಅದು. ಹಾಕಿದೆ. ಗಾಜ್ ರೋಲಿನಿಂದ ಎರಡೂ ಕೈ ಮಂಚಕ್ಕೆ ಕಟ್ಟಿದೆ. ಪೇಷೆಂಟಿಗೆ ದಿನ, ಜಾಗದ ಅರಿವಿದೆಯಾ ಅನ್ನೋ ಓರಿಯೆಂಟೇಶನ್ ಫಾರ್ಮು ಬೇರೆ ತುಂಬಬೇಕಲ್ಲ, ಇದು ಯಾವ ತಿಂಗಳು ಅಂತ ಕೇಳಿದೆ. "ಮಾರ್ಗಶಿರ" ಅಂದರು. ಫಾರ್ಮಿನಲ್ಲಿ ಡಿಸೆಂಬರ್ ಇರಬೇಕಿತ್ತು. ತಪ್ಪು ಅಂತ ಟಿಕ್ ಹಾಕಿದೆ.

ಒಂದರಿಂದ ಮೂರೂವರೆ ತನಕ ಏನೇನೂ ಇಳಿಯಲಿಲ್ಲ. ಅಜ್ಜ ಬೆವರುತ್ತಿದ್ದರು, ಕಟ್ಟು ಜಗ್ಗುತ್ತಿದ್ದರು, ಪಕ್ಕದ ಬೆಡ್ಡಿನವರು ಬೈಯುತ್ತಿದ್ದರು. "ಸುಮ್ನೆ ಮಲಗ್ತೀರೋ ಇಲ್ವೋ" ಅಂತ ನಾನು ಗದರಿಸಿದ್ದೂ ನಿಜ. ಡಯಾಪರ್ ಬದಲಿಸಲು ಬಂದ ಆಯಾ ಕರೆದಳು: "ಸಿಸ್ಟರೇ, ಅಜ್ಜನ ಕಿಬ್ಬೊಟ್ಟೆ ಮುಟ್ಟಿ ನೋಡಿ, ಎಂತ ಕಲ್ಲಿನ ಹಾಗಿದೆ."

ಡಯಾಪರ್ ಒದ್ದೆ ಇದ್ದದ್ದಕ್ಕೆ ಚಾರ್ಟಿನಲ್ಲಿ 'ಪಾಸ್ಡ್ ಯೂರಿನ್' ಅಂತ ಬರೆದಿತ್ತು. ಅದು ತುಂಬಿ ಸೋರಿದ್ದು. ಡಾಕ್ಟರು ಮೇಲೆ ಓಡಿ ಬಂದು ಕ್ಯಾಥೆಟರ್ ಹಾಕಿದಾಗ ಬಂದದ್ದು 900 ಎಂಎಲ್. ಹತ್ತು ನಿಮಿಷದಲ್ಲಿ ಅಜ್ಜನಿಗೆ ನಿದ್ದೆ ಹತ್ತಿತು. ನಾನು ಗಾಜ್ ಬಿಚ್ಚಿದೆ. ಮಣಿಕಟ್ಟಿನಲ್ಲಿ ಗೆರೆ ಬಿದ್ದಿತ್ತು.

ಬೆಳಿಗ್ಗೆ ಫಿಸಿಶಿಯನ್ ಮೇಡಂ ಫೈಲು ಓದಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅವಿಲ್ಲೂ ಫೆನರ್ಗನ್ನೂ ಒಂದೇ ಜಾತಿ: ಮೂತ್ರಕೋಶ ಹಿಂಡದ ಹಾಗೆ ಮಾಡುತ್ತವೆ, ವಯಸ್ಸಾದವರ ತಲೆಗೆ ಮಂಕು ಹಿಡಿಸುತ್ತವೆ. ಪ್ರಾಸ್ಟೇಟ್ ದೊಡ್ಡದಿದ್ದವರಿಗೆ ಎರಡೂ ಬಿದ್ದಿವೆ. ರಕ್ತದ ಸೋಡಿಯಂ 128 ಬಂತು. ಇರಬೇಕಾದ್ದು 135ರ ಮೇಲೆ. ಮೇಲೆ ನೋವು, ನಿದ್ದೆಗೇಡು. ಕನ್ನಡಕ ಮತ್ತು ಕಿವಿಯ ಮಷಿನ್ನು ಲಾಕರಿನಲ್ಲಿ. ಕಾರಣ ಒಂದೇ ಅಂತ ಹೇಳುವ ಹಾಗಿಲ್ಲ.

ಮೇಡಂ ಅಜ್ಜನಿಗೆ ಹೇಳಿದರು, ತಿಂಗಳನ್ನ ಹಿಂದಿನಿಂದ ಹೇಳಿ. "ಫಾಲ್ಗುಣ, ಮಾಘ, ಪುಷ್ಯ..." ಅಲ್ಲಿಗೆ ನಿಂತು ಮತ್ತೆ ಹೊದಿಕೆ ಸುಲಿಯತೊಡಗಿದರು. "ನೋಡಿ, ತಿಂಗಳು ಗೊತ್ತಿದೆ. ಗಮನ ನಿಲ್ತಾ ಇಲ್ಲ. ಡೆಲಿರಿಯಂ ಅಂದ್ರೆ ಇದು" ಅಂದರು. ಈ ವಯಸ್ಸಿನಲ್ಲಿ ದಿನ ಬೆಳಗಾಗುವುದರೊಳಗೆ ಶುರುವಾಗಿ, ಗಂಟೆಗೊಂದು ರೀತಿ ಬದಲಾಗುತ್ತಾ, ಇಲ್ಲದ್ದು ಕಣ್ಣಿಗೆ ಕಂಡರೆ ಮೊದಲು ಮೈ ಹುಡುಕಬೇಕು, ಮನಸ್ಸು ಆಮೇಲೆ.

ಜ್ವರ ಇದ್ದಿದ್ದರೆ ನಾನೂ ಮೈಯನ್ನೇ ಹುಡುಕುತ್ತಿದ್ದೆನೇನೋ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮಂಗನ ಕಾಯಿಲೆ ನಮ್ಮ ಜಿಲ್ಲೆಯದ್ದೇ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಆಗ ನಡುಕ, ಬುದ್ಧಿ ಗಲಿಬಿಲಿ. ಅಂಥವರಿಗೆ ಇಲ್ಲಿ ಯಾರೂ ಸೈಕ್ ಅನ್ನೋದಿಲ್ಲ. ಥರ್ಮಾಮೀಟರ್ ಏರದಿದ್ದರೆ ಮಾತ್ರ ಕೂಡಲೇ ಹುಚ್ಚು.

ಅಜ್ಜ ಇನ್ನೆರಡು ಸಂಜೆ ಗಲಿಬಿಲಿಯಾದರು. ಕನ್ನಡಕ ಹಾಕಿ, ಬೆಡ್ಡು ಕಿಟಕಿ ಕಡೆ ತಿರುಗಿಸಿ, ಮಗ ಪಕ್ಕದಲ್ಲಿ ಕೂತ. ಐದನೇ ದಿನ ಡ್ರೆಸ್ಸಿಂಗ್ ಮಾಡುವಾಗ ಕೇಳಿದರು: "ತಂಗೀ, ಮೊನ್ನೆ ರಾತ್ರಿ ನನ್ನ ಕೈ ಯಾರೋ ಕಟ್ಟಿ ಹಾಕಿದ್ರು. ಕನಸಾ ಅದು?"

ಕನಸಲ್ಲ, ನಾನೇ ಕಟ್ಟಿದ್ದು ಅಂದೆ. ಅಜ್ಜ ತಲೆಯಾಡಿಸಿ ಕಿಟಕಿ ಕಡೆ ತಿರುಗಿದರು.

ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲು ಮಾತ್ರ ಇನ್ನೂ 'ಸೈಕ್ ಹಿಸ್ಟರಿ'. ಸಿಸ್ಟಮ್ಮಿಗೆ ಒಮ್ಮೆ ಏರಿಸಿದ್ದನ್ನು ವಾರ್ಡಿನವರು ಅಳಿಸುವಂತಿಲ್ಲವಂತೆ, ಐಟಿಯವರಿಗೆ ಮೇಲ್ ಹಾಕಬೇಕಂತೆ. ಎರಡು ಹಾಕಿದ್ದೇನೆ.