ಮೂರು ಮೀಟರು, ಮೂರು ಲೆಕ್ಕ

ಮಾರ್ಚ್ 14, 2024, ಗುರುವಾರ

ಇವತ್ತು ಸಿಮ್ಯುಲೇಟರ್‌ನಲ್ಲಿ ಏರ್‌ಸ್ಪೀಡ್ ಕೈಕೊಡುವ ಪಾಠ ಇತ್ತು. ಎ320 ವಿಮಾನ, ಹಾರಿಸುವ ಸರದಿ ನನ್ನದು. 22,000 ಅಡಿ ದಾಟಿ ಇನ್ನೂ ಏರುತ್ತಿದ್ದೆವು. ನನ್ನ ಪರದೆಯಲ್ಲಿ ವೇಗ ಇಳಿಯತೊಡಗಿತು, ಕ್ಯಾಪ್ಟನ್ ಪರದೆಯಲ್ಲಿ ಏರುತ್ತಿತ್ತು, ಮಧ್ಯದ ಸ್ಟ್ಯಾಂಡ್‌ಬೈ ಮೀಟರಿನದು ಇನ್ನೊಂದೇ ಲೆಕ್ಕ. ಆಟೋಪೈಲಟ್ ತಾನಾಗಿ ಬಿಟ್ಟುಹೋಯಿತು. ಅದರ ಹಿಂದೆಯೇ ಟಿಂಗ್ ಟಿಂಗ್ ಅಂತ ಗಂಟೆ ಶುರು.

ಇಂಥ ಹೊತ್ತಲ್ಲಿ ಮಾಡಬೇಕಾದದ್ದು ಬಾಯಿಪಾಠ ಆಗಿರುತ್ತದೆ. ಆಟೋಪೈಲಟ್ ಆಫ್, ಮೂತಿ ಎತ್ತ ಇಡಬೇಕು ಅಂತ ಗೆರೆ ತೋರಿಸುವ ಫ್ಲೈಟ್ ಡೈರೆಕ್ಟರ್ ಆಫ್, ಥ್ರಸ್ಟ್ ಅಂದರೆ ಎಂಜಿನ್ ಬಲವನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಆಫ್. 10,000 ಅಡಿಗಿಂತ ಮೇಲಿದ್ದರೆ ಮೂತಿ 5 ಡಿಗ್ರಿ ಮೇಲಕ್ಕೆ, ಥ್ರಸ್ಟ್ ಲಿವರ್ ಕ್ಲೈಂಬ್ (ಏರುವಾಗಿನ) ಗುರುತಿಗೆ. ವೇಗದ ಮೀಟರ್ ಏನು ಬೇಕಾದರೂ ಹೇಳಲಿ, ಇಷ್ಟು ಮೂತಿ, ಇಷ್ಟು ಥ್ರಸ್ಟ್ ಇಟ್ಟರೆ ವಿಮಾನ ಬೀಳುವುದಿಲ್ಲ. ಮೂತಿಯ ಕೋನ ಜೈರೋ ಅನ್ನುವ ಸಾಧನಗಳಿಂದ ಬರುತ್ತದೆ, ಅದಕ್ಕೂ ಗಾಳಿಯ ಒತ್ತಡದಿಂದ ವೇಗ ಅಳೆಯುವ ಪಿಟೋ ಕೊಳವೆಗೂ ಸಂಬಂಧವೇ ಇಲ್ಲ. ಆಮೇಲೆ ವಿಮಾನವನ್ನು ಮಟ್ಟಕ್ಕೆ ತಂದು, ಕೈಪಿಡಿ ತೆಗೆದು, ತೂಕ ಮತ್ತು ಎತ್ತರ ನೋಡಿ ಕೋಷ್ಟಕದಲ್ಲಿರುವ ಕೋನ, ಥ್ರಸ್ಟ್ ಇಡುವುದು.

ಇದರಲ್ಲಿ ಜಾಸ್ತಿ ಕಷ್ಟ ಫ್ಲೈಟ್ ಡೈರೆಕ್ಟರ್ ಆಫ್ ಮಾಡೋದೇ. ಪರದೆ ನಡುವೆ ಎರಡು ಹಸಿರು ಗೆರೆಗಳು. ತರಬೇತಿಯ ಮೊದಲ ದಿನದಿಂದಲೂ ಅವುಗಳ ಹಿಂದೆಯೇ ಹೋಗಿ ರೂಢಿ. ಇವತ್ತು ಅವು ಮಾಯವಾಗಿ ಮತ್ತೆ ಕಾಣಿಸಿಕೊಂಡವು, ಏನೂ ಆಗೇ ಇಲ್ಲ ಅನ್ನುವ ಹಾಗೆ. ಮತ್ತೆ ಬಂದ ಗೆರೆ ಕಂಡರೆ ಕೈ ತಾನಾಗೇ ಅತ್ತ ಹೋಗುತ್ತದೆ. ಅದಕ್ಕೇ ಅವು ಕಣ್ಣಿಗೇ ಬೀಳದ ಹಾಗೆ ಮೊದಲು ಆಫ್ ಮಾಡಬೇಕು.

ಬ್ರೀಫಿಂಗ್ ರೂಮಿನಲ್ಲಿ ಏರ್ ಫ್ರಾನ್ಸ್ 447 ವಿಮಾನ ದುರಂತದ ಮಾತು ಬಂತು. ಬರದೇ ಇರುತ್ತಾ? 2009ರ ಜೂನ್ 1, ರಿಯೋದಿಂದ ಪ್ಯಾರಿಸ್‌ಗೆ ಹೊರಟ ಎ330. ಅಟ್ಲಾಂಟಿಕ್ ಮೇಲೆ ಪಿಟೋ ಕೊಳವೆಗಳಲ್ಲಿ ಹಿಮದ ಹರಳು ಕಟ್ಟಿಕೊಂಡು ವೇಗದ ಲೆಕ್ಕ ತಪ್ಪಿತು. ಅದು ಒಂದು ನಿಮಿಷದೊಳಗೇ ಸರಿಯೂ ಆಯಿತು. ಅಷ್ಟರಲ್ಲಿ ಮೂತಿ ಎತ್ತಿದ್ದರು, ವಿಮಾನ ಸ್ಟಾಲ್ ಕಡೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ ಕಡೆ ಹೊರಟಿತ್ತು. 228 ಜನ ಹೋದರು. ಆ ಅಪಘಾತದ ತನಿಖಾ ವರದಿಯಲ್ಲಿ ನನಗೆ ಮರೆಯಲಾಗದ್ದು ಸ್ಟಾಲ್ ಎಚ್ಚರಿಕೆಯ ಕತೆ. ತೋರುವ ವೇಗ 60 ನಾಟ್‌ಗಿಂತ ಕೆಳಗಿಳಿದರೆ ಆ ಎಚ್ಚರಿಕೆ ನಿಂತುಬಿಡುತ್ತಿತ್ತು, ಅಷ್ಟು ಕಡಿಮೆ ವೇಗದ ಲೆಕ್ಕವನ್ನು ಕಂಪ್ಯೂಟರ್ ನಂಬುವುದಿಲ್ಲ. ಮೂತಿ ತಗ್ಗಿಸಿದರೆ ವೇಗ ಏರಿ ಎಚ್ಚರಿಕೆ ಮತ್ತೆ ಕೂಗುತ್ತಿತ್ತು. ಅಂದರೆ ಸರಿಯಾದದ್ದನ್ನು ಮಾಡಿದಾಗ ಬೈಗುಳ, ತಪ್ಪು ಮಾಡಿದಾಗ ಮೌನ! ಕತ್ತಲಲ್ಲಿ ಕೂತವರು ಏನಂತ ಅರ್ಥ ಮಾಡಿಕೊಳ್ಳಬೇಕು? ಪೈಲಟ್‌ಗಳದೇ ತಪ್ಪು ಅಂತ ಒಂದೇ ಮಾತಲ್ಲಿ ಮುಗಿಸುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ.

"ಯಂತ್ರ ಕೆಟ್ಟರೆ ಆಫ್ ಮಾಡಿದ್ರೆ ಆಯ್ತು, ಅಲ್ವಾ?" ಅಂತ ನೆಂಟರಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅವರಿಗೆ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ 72ನೇ ಫ್ಲೈಟಿನ ಕತೆ ಹೇಳುತ್ತೇನೆ. 2008ರ ಅಕ್ಟೋಬರ್ 7, ಸಿಂಗಾಪುರದಿಂದ ಪರ್ತ್‌ಗೆ, 37,000 ಅಡಿ. ಆಟೋಪೈಲಟ್ ಆಗಲೇ ಬಿಟ್ಟುಹೋಗಿತ್ತು, ಕ್ಯಾಪ್ಟನ್ ಕೆವಿನ್ ಸಲಿವನ್ ಕೈಯಲ್ಲೇ ಹಾರಿಸುತ್ತಿದ್ದರು. ವೇಗ ಜಾಸ್ತಿ ಅನ್ನುವ ಎಚ್ಚರಿಕೆ, ಸ್ಟಾಲ್ ಎಚ್ಚರಿಕೆ ಎರಡೂ ಒಟ್ಟಿಗೇ ಬರುತ್ತಿದ್ದವು. ಗಾಳಿಯ ಲೆಕ್ಕ ಕೊಡುವ ಮೂರು ಪೆಟ್ಟಿಗೆಗಳಲ್ಲಿ ಒಂದು, ರೆಕ್ಕೆಗೆ ಗಾಳಿ ತಾಗುವ ಕೋನ 50 ಡಿಗ್ರಿಗೂ ಜಾಸ್ತಿ ಅಂತ ಆಗಾಗ ಸುಳ್ಳು ಹೇಳುತ್ತಿತ್ತು. ಇಂಥ ಸುಳ್ಳು ಬಂದರೆ ಆ ವಿಮಾನದ ಕಂಪ್ಯೂಟರ್ 1.2 ಸೆಕೆಂಡ್ ಕಾಲ ಹಳೇ ಲೆಕ್ಕವನ್ನೇ ಹಿಡಿದುಕೊಂಡಿರುತ್ತಿತ್ತು. ಸರಿಯಾಗಿ ಆ 1.2 ಸೆಕೆಂಡ್ ಕಳೆದ ಮೇಲೆ ಎರಡನೇ ಸುಳ್ಳು ಬಂತು, ಒಳಗೆ ನುಸುಳಿತು. ಸ್ಟಾಲ್ ತಪ್ಪಿಸುತ್ತೇನೆ ಅಂತ ಕಂಪ್ಯೂಟರ್ ಮೂತಿಯನ್ನು ಕೆಳಗೆ ತಳ್ಳಿತು. ಕ್ಯಾಪ್ಟನ್ ಸ್ಟಿಕ್ ಎಳೆದರೂ ಮೊದಲು ವಿಮಾನ ಕೇಳಲಿಲ್ಲ. 650 ಅಡಿ ಇಳಿಯಿತು. ಮೂರು ನಿಮಿಷದೊಳಗೆ ಇನ್ನೊಮ್ಮೆ, 400 ಅಡಿ. ನೂರಕ್ಕೂ ಜಾಸ್ತಿ ಜನಕ್ಕೆ ಪೆಟ್ಟಾಯಿತು. ವಿಮಾನವನ್ನು ಪಶ್ಚಿಮ ಆಸ್ಟ್ರೇಲಿಯಾದ ಲಿಯರ್‌ಮಂತ್‌ನಲ್ಲಿ ಇಳಿಸಿದರು. ಆ ಪೆಟ್ಟಿಗೆ ಯಾಕೆ ಹಾಗೆ ಮಾಡಿತು ಅನ್ನೋದು ತನಿಖೆಯಲ್ಲೂ ಗೊತ್ತಾಗಲಿಲ್ಲ.

ಪೂರ್ತಿ ಸತ್ತ ಯಂತ್ರದ ಜೊತೆ ಹೇಗೋ ಏಗಬಹುದು. ಅರ್ಧ ಜೀವ ಇಟ್ಟುಕೊಂಡು, ಧೈರ್ಯವಾಗಿ ತಪ್ಪು ಹೇಳುವ ಯಂತ್ರ ಇದೆಯಲ್ಲ, ಅದರ ಜೊತೆ ಕಷ್ಟ. ಇವತ್ತಿನ ಪಾಠದಲ್ಲೂ ಹೆಚ್ಚು ಹೊತ್ತು ಹಿಡಿದದ್ದು ಯಾವ ಮೀಟರ್ ನಂಬೋದು ಅನ್ನುವ ಚರ್ಚೆಯೇ. ಜಿಪಿಎಸ್ ಎತ್ತರ ಒಂದು ಹೇಳುತ್ತದೆ, ನೆಲದ ಮೇಲಿನ ವೇಗ ಇನ್ನೊಂದು ಸುಳಿವು ಕೊಡುತ್ತದೆ. ನಾನು ಹಾರಿಸುತ್ತಿದ್ದೆ, ಕ್ಯಾಪ್ಟನ್ ಒಂದೊಂದೇ ಅಂಕಿ ಜೋರಾಗಿ ಓದುತ್ತಿದ್ದರು. ಗಂಟೆ ಮಾತ್ರ ಟಿಂಗ್ ಟಿಂಗ್ ಅಂತಲೇ ಇತ್ತು. ಅದರ ನಡುವೆ ಮಾತು ಕೇಳಿಸಿಕೊಳ್ಳೋದೇ ಒಂದು ಕೆಲಸ.

ಈಗೀಗ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕ್ರೂಸ್‌ನಲ್ಲಿ, ಅಂದರೆ ಮೇಲೇರಿ ಸಮನಾಗಿ ಹಾರುವಾಗ, ಎಲ್ಲ ಸರಿಯಿದ್ದರೆ ಮೂತಿ ಎಷ್ಟಿದೆ, ಎಂಜಿನ್ ಎಷ್ಟರಲ್ಲಿ ತಿರುಗುತ್ತಿದೆ ಅಂತ ನೋಡಿಟ್ಟುಕೊಳ್ಳುವುದು. ಹವೆ ಚೆನ್ನಾಗಿದ್ದರೆ ಆಟೋಥ್ರಸ್ಟ್ ತೆಗೆದು ಇಳಿಸಲಾ ಅಂತ ಕ್ಯಾಪ್ಟನ್‌ರನ್ನು ಕೇಳುತ್ತೇನೆ. ಕೆಲವರು ಖುಷಿಯಿಂದ ಒಪ್ಪುತ್ತಾರೆ. ಕೆಲವರು "ಸುಮ್ನೆ ಯಾಕೆ ತಲೆನೋವು" ಅನ್ನುತ್ತಾರೆ. ಶನಿವಾರದ ಫ್ಲೈಟ್‌ನಲ್ಲಿ ಯಾರಿದ್ದಾರೋ, ರೋಸ್ಟರ್ ಇನ್ನೂ ನೋಡಿಲ್ಲ.