ನಾಲ್ಕು ದಿನ ಹೊಟ್ಟೆ ಕಟ್ಟಿದ್ದು ಊಟದಿಂದ ಅಲ್ಲ

ನಾಲ್ಕು ದಿನದಿಂದ ಮೋಷನ್ ಆಗಿರಲಿಲ್ಲ. ಅತ್ತೆಗೆ ಅದು ಹೇಗೋ ಗೊತ್ತಾಗಿ, ರಾತ್ರಿ ಹರಳೆಣ್ಣೆ ಸೀಸೆ ಹಿಡಿದು ನಿಂತಿದ್ದರು. ನಾನೋ, ಹಿಂದಿನ ವಾರ ತಿಂದ ಬಜ್ಜಿ, ಮೈದಾ ಪರೋಟ ಎಲ್ಲದರ ಮೇಲೂ ತಪ್ಪು ಹೊರಿಸಿ ಕೂತಿದ್ದೆ. ಮಾತ್ರೆ ಡಬ್ಬಿಯ ಕಡೆ ಯಾರ ಕಣ್ಣೂ ಹೋಗಿರಲಿಲ್ಲ.

ಹಿಮೋಗ್ಲೋಬಿನ್ 9 ಬಂದಿತ್ತು ಅಂತ ಐರನ್ ಮಾತ್ರೆ ಕೊಟ್ಟಿದ್ದರು. ಜೊತೆಗೆ ಕ್ಯಾಲ್ಸಿಯಂ, ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ. ಮರೆತುಹೋಗುತ್ತೆ ಅಂತ ಐರನ್, ಕ್ಯಾಲ್ಸಿಯಂ ಎರಡನ್ನೂ ಬೆಳಿಗ್ಗೆ ಕಾಫಿ ಜೊತೆಗೇ ನುಂಗುತ್ತಿದ್ದೆ. ದಡ್ಡತನ ಅಂದ್ರೆ ಇದೇ! ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಇವೆಲ್ಲ ಐರನ್ ಮೈಗೆ ಹತ್ತದಂತೆ ತಡೆಯುತ್ತವೆ, ಹತ್ತದೆ ಉಳಿದದ್ದು ಕರುಳಿನಲ್ಲೇ ಇದ್ದು ಹೊಟ್ಟೆ ಕಟ್ಟಿಸುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗೂ ಅದೇ ಗುಣ. ನನಗೆ ಎರಡೂ ಕಡೆಯಿಂದ ಬಿದ್ದಿತ್ತು.

ಐರನ್ ತಗೊಂಡಾಗ ಮಲ ಕಪ್ಪಾಗೋದು ಸಹಜ, ನಾನು ಸುಮ್ನೆ ಹೆದರಿದ್ದೆ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ ವಿಪರೀತ ವಾಸನೆ ಬಂದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ಕೂಡಲೇ ತೋರಿಸಬೇಕು.

ನಾನೇ ಮಾತ್ರೆ ನಿಲ್ಲಿಸಿಬಿಡೋಣ ಅಂತಿದ್ದೆ. ಡಾಕ್ಟರು ಬೇಡ ಅಂದರು. ಐರನ್ ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ನಿಂಬೆಹಣ್ಣಿನ ನೀರಿನ ಜೊತೆ. ಕಾಫಿ ಒಂದು ಗಂಟೆ ತಡೆದು (ಇದೇ ಕಷ್ಟ ಆಗಿದ್ದು). ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಮಲಗೋ ಮುಂಚೆ ಒಂದು ಚಮಚ ಇಸಬ್ಗೋಲ್, ಮಾತ್ರೆಗಳಿಂದ ಎರಡು ಗಂಟೆ ದೂರ, ದೊಡ್ಡ ಲೋಟದ ತುಂಬ ನೀರಿನಲ್ಲಿ. ನೀರು ಕಡಿಮೆ ಆದರೆ ಅದು ಒಳಗೆ ಹಿಟ್ಟಿನ ಮುದ್ದೆ ತರ ಕೂತು ಇನ್ನೂ ಜಾಸ್ತಿ ಕಟ್ಟುತ್ತದಂತೆ.

ಮುದ್ದೆ ಅಂದ ಕೂಡಲೇ ನೆನಪಾಯ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮಧ್ಯಾಹ್ನದ ಅನ್ನ ಬಿಟ್ಟು ಮುದ್ದೆ, ಬಸ್ಸಾರು, ಪಲ್ಯ ಶುರು ಮಾಡಿದೆ.

ಇನ್ನೊಂದು ವಿಷಯ. ಪಕ್ಕದ ಮನೆ ಆಂಟಿ ವಾರಕ್ಕೊಮ್ಮೆ ತಗೊಳ್ಳಬೇಕಾದ ವಿಟಮಿನ್ ಡಿಯನ್ನ ದಿನಾ ತಗೊಳ್ತಿದ್ದರು, ಒಳ್ಳೆಯದೇ ಅಲ್ವಾ ಅಂತ. ಅದು ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹೊಟ್ಟೆ ಕಟ್ಟುತ್ತದೆ, ವಾಂತಿ ಬರುತ್ತದೆ, ಕಿಡ್ನಿಗೂ ಏಟು. ಚೀಟಿ ತೆಗೆಸಿ ಓದಿ ಹೇಳಿದ ಮೇಲೆ ನಿಲ್ಲಿಸಿದರು.

ನನಗೆ ಹತ್ತು ದಿನದಲ್ಲಿ ಸರಿಹೋಯ್ತು. ಅತ್ತೆ ಮಾತ್ರ ಹರಳೆಣ್ಣೆ ಸೀಸೆ ಇನ್ನೂ ಒಳಗಿಟ್ಟಿಲ್ಲ.